ಭರತಪುರದ ಬಾತುಬೇಟೆ: ಒಂದು ಕಲ್ಲುಬರಹದ ಕಥೆ

ಊರಿನಿಂದ ನೆಂಟರು ದಿಲ್ಲಿಗೆ ಬಂದರೆ ಅವರನ್ನು ಆಗ್ರಾಕ್ಕೆ ಕರೆದುಕೊಂಡು ಹೋಗುವುದು ನಮ್ಮ ಪಾಲಿಗೆ ತಪ್ಪದ ಕರ್ತವ್ಯ. ದಾರಿಯಲ್ಲಿ ಮಥುರೆ, ಆಮೇಲೆ ತಾಜಮಹಲು, ಕೋಟೆ, ಹೊತ್ತಿದ್ದರೆ ಫತೇಪುರ ಸಿಕ್ರಿ. ಇಲ್ಲಿಗೆ ಪ್ರವಾಸ ಮುಗಿಯಿತೆಂದು ಎಲ್ಲರೂ ಹಿಂತಿರುಗುತ್ತಾರೆ. ಸಿಕ್ರಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರು ಮುಂದೆ ಹೋದರೆ ರಾಜಸ್ಥಾನದ ಭರತಪುರ ಸಿಗುತ್ತದೆ. ಮದ್ದೂರು ಕಡೆಯ ನಮ್ಮ ಸೋದರಮಾವ ಬಂದಿದ್ದಾಗ, "ತಾಜಮಹಲು ಕ್ಯಾಲೆಂಡರಿನಲ್ಲೇ ನೋಡಿದ್ದೀನಿ ಕಣೋ, ಬೇರೇನಾದರೂ ತೋರಿಸು" ಎಂದದ್ದರಿಂದ ನಾವು ಆ ಇಪ್ಪತ್ತು ಕಿಲೋಮೀಟರು ಹೋದೆವು.

ಭರತಪುರದ ಹೊರಗೆ ಕೇವಲಾದೇವ ಘನಾ ಎಂಬ ಜೌಗು ಪ್ರದೇಶವಿದೆ. ವಿಸ್ತೀರ್ಣ ಸುಮಾರು 29 ಚದರ ಕಿಲೋಮೀಟರು. ಘನಾ ಎಂದರೆ ದಟ್ಟವಾದ ಕಾಡು. ಕೇವಲಾದೇವ ಎಂಬುದು ಅದರ ನಡುವೆ ಇರುವ ಸಣ್ಣ ಶಿವಾಲಯದ ಹೆಸರು. ಒಳಗೆ ಮೋಟಾರುಗಳಿಗೆ ಹೆಚ್ಚು ಅವಕಾಶವಿಲ್ಲದ ಕಾರಣ ಸೈಕಲ್ ರಿಕ್ಷಾದಲ್ಲಿ ಹೋಗಬೇಕು. ರಿಕ್ಷಾ ಓಡಿಸುವವರಲ್ಲಿ ಅನೇಕರು ಸರ್ದಾರರು. ಹಕ್ಕಿಗಳ ಹೆಸರನ್ನು ಮೂರು ಭಾಷೆಗಳಲ್ಲಿ ಹೇಳಬಲ್ಲರು. ಎರಡು ಕಡೆಯೂ ನೀರು, ನಡುವೆ ನೇರವಾದ ಏರಿ, ಏರಿಯ ಮೇಲೆ ಜಾಲಿಯ ನೆರಳು. ಹೀಗೆ ಸಾಗಿ ಶಿವಾಲಯ ತಲುಪಿದರೆ ಅದರ ಹತ್ತಿರವೇ ಇಂಗ್ಲಿಷಿನಲ್ಲಿ ಕೆತ್ತಿದ ಕಲ್ಲಿನ ಹಲಗೆಗಳು ಕಾಣುತ್ತವೆ. ದೇವಸ್ಥಾನದ ಬಳಿ ಕಲ್ಲಿದ್ದರೆ ದಾನಶಾಸನವೋ ವೀರಗಲ್ಲೋ ಇರಬೇಕೆಂಬುದು ನಮ್ಮವರ ಅಭ್ಯಾಸ. ಮಾವ ಕನ್ನಡಕ ಒರೆಸಿಕೊಂಡು ಹತ್ತಿರ ಹೋದರು. ತಾರೀಖು, ಬಂದ ಅತಿಥಿ, ಕೋವಿಗಳ ಸಂಖ್ಯೆ, ಬಿದ್ದ ಹಕ್ಕಿಗಳ ಸಂಖ್ಯೆ. "ಇದೇನೋ, ಮದುವೆ ಮನೇಲಿ ಮುಯ್ಯಿ ಬರೆದ ಹಾಗೆ ಬರೆದಿಟ್ಟವ್ರೆ!" ಎಂದರು.

ಆ ಪಟ್ಟಿಯ ಆರಂಭ 1902ರ ಡಿಸೆಂಬರ್ 1. ಅತಿಥಿ ವೈಸರಾಯ್ ಲಾರ್ಡ್ ಕರ್ಜನ್. ಕೋವಿ 17, ಹಕ್ಕಿ 540. ಇಲ್ಲಿ ಕೋವಿ ಎಂದರೆ ಬೇಟೆಗಾರ ಎಂದು ಅರ್ಥ. ತೋಟಾ ತುಂಬಿಕೊಡುವವರು, ಹಕ್ಕಿ ಎಬ್ಬಿಸುವವರು, ಎದೆಮಟ್ಟದ ಚಳಿನೀರಿನಲ್ಲಿ ಇಳಿದು ಬಿದ್ದ ಹಕ್ಕಿ ಹೆಕ್ಕುವವರು ಲೆಕ್ಕಕ್ಕೆ ಸೇರಿದವರಲ್ಲ. 1914ರಲ್ಲಿ ಲಾರ್ಡ್ ಹಾರ್ಡಿಂಜ್ ಬಂದಾಗ 4,062. 1916ರಲ್ಲಿ ಲಾರ್ಡ್ ಚೆಮ್ಸ್‌ಫರ್ಡ್ ಕಾಲಕ್ಕೆ 4,206. ಈ ಎರಡೂ ವರ್ಷ ಯೂರೋಪಿನಲ್ಲಿ ಮಹಾಯುದ್ಧ ನಡೆಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಲೆಕ್ಕ 1938ರ ನವೆಂಬರ್ 12ರದು. ಲಾರ್ಡ್ ಲಿನ್‌ಲಿತ್‌ಗೋ ಮತ್ತು ಸಂಗಡಿಗರು, ಸುಮಾರು ನಲವತ್ತು ಕೋವಿ. ಮಧ್ಯಾಹ್ನಕ್ಕೆ ಮೊದಲು 3,044, ಊಟವಾದ ಮೇಲೆ 1,229, ಒಟ್ಟು 4,273. ತಲೆಗೆ ನೂರಕ್ಕೂ ಹೆಚ್ಚು. ಮಾವ ಟಿಕೆಟ್ಟಿನ ಹಿಂಭಾಗದಲ್ಲಿ ಕೂಡಿ ನೋಡಿ, "ಲೆಕ್ಕ ಸರಿಯಾಗಿದೆ" ಎಂದರು. ರೆವಿನ್ಯೂ ಇಲಾಖೆಯಿಂದ ನಿವೃತ್ತರಾದವರು.

ಇಷ್ಟು ಹಕ್ಕಿ ಒಂದೇ ದಿನ ಒಂದೇ ಕಡೆ ಸಿಗಬೇಕಾದರೆ ಅದು ದೈವಕೃಪೆಯಿಂದ ಆಗುವ ಕೆಲಸವಲ್ಲ. ಅದರ ಹಿಂದೆ ದೊಡ್ಡ ನೀರಾವರಿ ವ್ಯವಸ್ಥೆಯೇ ಇತ್ತು. ಗಂಭೀರ್ ಮತ್ತು ಬಾಣಗಂಗಾ ನದಿಗಳು ಕೂಡುವ ಕಡೆ ಈ ತಗ್ಗು ಪ್ರದೇಶ. ಮಳೆಗಾಲದಲ್ಲಿ ಪ್ರವಾಹ ಬಂದು ಊರಿಗೇ ನುಗ್ಗುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ಜಾಟರ ಪ್ರಸಿದ್ಧ ರಾಜ ಸೂರಜ್ ಮಲ್ ಅಜಾನ್ ಬಂಧ್ ಎಂಬ ಏರಿ ಕಟ್ಟಿಸಿದ. ಉದ್ದೇಶ ಊರನ್ನು ಉಳಿಸುವುದು. ಇದೇ ಭರತಪುರದ ಮಣ್ಣಿನ ಕೋಟೆ 1805ರಲ್ಲಿ ಲಾರ್ಡ್ ಲೇಕನ ನಾಲ್ಕು ದಾಳಿಗಳನ್ನು ಹಿಮ್ಮೆಟ್ಟಿಸಿತು. ಅಂಥ ಊರು ನೂರು ವರ್ಷ ಕಳೆಯುವುದರೊಳಗೆ ವೈಸರಾಯರಿಗೆ ಬಾತುಗಳ ಔತಣ ಏರ್ಪಡಿಸುವ ಊರಾಯಿತು! ಚರಿತ್ರೆಗೆ ವ್ಯಂಗ್ಯ ತಿಳಿಯದು ಎನ್ನುವವರು ಭರತಪುರಕ್ಕೆ ಹೋಗಿ ಬರಬೇಕು.

ಬೇಟೆಗೋಸ್ಕರವೇ ಜೌಗನ್ನು ತಿದ್ದಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಮಹಾರಾಜ ರಾಮಸಿಂಹನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ, ಕಾಠಿಯಾವಾಡದ ಮೋರ್ವಿ ರಾಜಮನೆತನದ ಹರಭಾಮ್‌ಜಿ ಈ ಕೆಲಸ ಕೈಗೊಂಡರು. ಜೌಗನ್ನು ಸಣ್ಣ ಸಣ್ಣ ಏರಿಗಳಿಂದ ಹಲವು ಪಾತಿಗಳಾಗಿ ವಿಂಗಡಿಸಿ, ತೂಬುಗಳನ್ನಿಟ್ಟು, ಮಳೆಗಾಲದಲ್ಲಿ ಅಜಾನ್ ಬಂಧಿನಿಂದ ನೀರು ಬಿಡುವ ಏರ್ಪಾಟಾಯಿತು. ನಮ್ಮ ಕಡೆಯ ಗದ್ದೆಯ ನೀರುಗಂಟಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾತುಗಳಲ್ಲಿ ಬಹಳಷ್ಟು ಜಾತಿಗಳು ಮುಳುಗಿ ಮೇಯುವುದಿಲ್ಲ. ಬಾಲ ಮೇಲೆ ಮಾಡಿ ತಲೆ ಅದ್ದಿ, ಎಟುಕುವಷ್ಟು ಆಳದಲ್ಲಿ ಬೀಜ, ಗೆಡ್ಡೆ, ಹುಳು ಹೆಕ್ಕುತ್ತವೆ. ಆದ್ದರಿಂದ ಆಳವಾದ ಜಲಾಶಯಕ್ಕಿಂತ ಮೊಳದುದ್ದದ ನೀರು ಅವಕ್ಕೆ ಇಷ್ಟ. ನೀರು ಏರಿದರೆ ಮೇವು ಎಟುಕದು, ಇಳಿದರೆ ಕೆಸರು. ಈ ಹದವನ್ನು ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಕಾಯುವುದೇ ಘನಾದ ಗುಟ್ಟು. ಬೇಟೆಗಾರರ ಬಂಡಿಗಳಿಗೆಂದು ಮಾಡಿದ ಆ ಏರಿಗಳ ಮೇಲೆಯೇ ಇಂದು ನಮ್ಮ ರಿಕ್ಷಾ ಹೋಗುವುದು.

1902ರಲ್ಲಿ ಕರ್ಜನ್ ಬಂದಾಗ ರಾಮಸಿಂಹ ಗಾದಿಯ ಮೇಲಿರಲಿಲ್ಲ. ಬ್ರಿಟಿಷರು 1900ರಲ್ಲೇ ಅವನನ್ನು ಇಳಿಸಿದ್ದರು. ಗಾದಿಯಲ್ಲಿದ್ದುದು ಮೂರು ವರ್ಷದ ಮಗು ಕಿಶನ್ ಸಿಂಹ. ಹೀಗಾಗಿ ಆತಿಥ್ಯ ರಾಜನದೋ ಸರ್ಕಾರದ್ದೋ ಎಂಬುದು ಕೇಳಬಾರದ ಪ್ರಶ್ನೆ.

ಪ್ರತಿಯೊಂದು ಸಂಸ್ಥಾನಕ್ಕೂ ವೈಸರಾಯರಿಗೆ ತೋರಿಸಲು ಒಂದೊಂದು ವಿಶೇಷ ಬೇಕಾಗಿತ್ತು. ಬಿಕಾನೇರದ ಗಂಗಾಸಿಂಹ ಗಜನೇರ್ ಕೆರೆಯ ಬಳಿ ಮರಳುಗಾಡಿನ ಗೌಜಲಕ್ಕಿಗಳನ್ನು ಹೊಡೆಸುತ್ತಿದ್ದ. ನಮ್ಮ ಮೈಸೂರಿನವರು ಕಾಕನಕೋಟೆಯಲ್ಲಿ ಆನೆಯ ಖೆಡ್ಡಾ ತೋರಿಸುತ್ತಿದ್ದರು. ಭರತಪುರದ್ದು ಬಾತು. ಇಂಥ ಬೇಟೆಯ ಕ್ರಮ ಸಾಮಾನ್ಯವಾಗಿ ಹೀಗೆ: ನೀರಿನ ನಡುವೆ, ದಡದಲ್ಲಿ, ಅಲ್ಲಲ್ಲಿ ಜೊಂಡು ಕಟ್ಟಿ ಮರೆಗಳನ್ನು ಮಾಡಿರುತ್ತಾರೆ. ಯಾರಿಗೆ ಯಾವ ಮರೆ ಎಂಬುದು ಪದವಿಯನ್ನು ನೋಡಿ ನಿಶ್ಚಯ. ಬೆಳಗ್ಗೆ ಎಲ್ಲರೂ ಕೂತ ಮೇಲೆ ಸೂಚನೆ ಕೊಟ್ಟರೆ ಸೋವಿನವರು ಹಕ್ಕಿ ಎಬ್ಬಿಸುತ್ತಾರೆ. ಸಾವಿರಾರು ರೆಕ್ಕೆ ಒಟ್ಟಿಗೆ ಏಳುತ್ತವೆ. ಸುತ್ತಲೂ ಒಣಭೂಮಿ, ಎಷ್ಟು ಸುತ್ತಿದರೂ ಇಳಿಯಲು ಬೇರೆ ನೀರಿಲ್ಲದೆ ಮತ್ತೆ ಮತ್ತೆ ಕೋವಿಗಳ ಮೇಲೆಯೇ ಹಾಯಬೇಕು. ಗಾಯವಾಗಿ ಜೊಂಡಿನಲ್ಲಿ ಅಡಗಿ ಆಮೇಲೆ ಸತ್ತವು ಯಾವ ಕಲ್ಲಿನ ಮೇಲೂ ಇಲ್ಲ. ಕೆಸರಿಗೆ ಬಿದ್ದ ಸೀಸದ ಚರೆಗಳದು ಬೇರೆಯೇ ಕಥೆ. ಬಾತು ಮೇವು ಅರೆಯಲು ಸಣ್ಣ ಕಲ್ಲು ನುಂಗುವ ಪ್ರಾಣಿ. ಕಲ್ಲೆಂದು ಚರೆ ನುಂಗಿದರೆ ನಿಧಾನವಾಗಿ ವಿಷವೇರುತ್ತದೆ. ಈ ಕಾರಣಕ್ಕೇ ಅಮೆರಿಕದಲ್ಲಿ 1991ರಿಂದ ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿದರು.

ಆದರೂ ಬೇಟೆಗಾರರನ್ನು ಒಂದೇ ಮಾತಿನಲ್ಲಿ ಬಯ್ದು ಮುಗಿಸುವಂತಿಲ್ಲ. ನಮ್ಮ ದೇಶದ ಹಕ್ಕಿಗಳ ಬಗೆಗಿನ ಹಳೆಯ ಜ್ಞಾನ ಬಹುಪಾಲು ಕೋವಿ ಹಿಡಿದವರಿಂದ ಬಂದದ್ದು. ಕಾಂಗ್ರೆಸ್ಸಿನ ಸ್ಥಾಪಕನೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಎ. ಒ. ಹ್ಯೂಮ್ ಬೇಟೆ ಹಕ್ಕಿಗಳ ಬಗ್ಗೆ ಮಾರ್ಷಲ್ ಜೊತೆ ಮೂರು ಸಂಪುಟಗಳ ಗ್ರಂಥ ಬರೆದವನು. ಸಲೀಂ ಅಲಿಯವರ ಪಕ್ಷಿಪ್ರೇಮ ಆರಂಭವಾದದ್ದೂ ಮುಂಬಯಿಯಲ್ಲಿ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಒಂದು ಹಳದಿ ಕೊರಳಿನ ಗುಬ್ಬಚ್ಚಿಯಿಂದ. ಹಿಂದಿಯ ಬೇಟೆಗಾರರು ಬಾತುಗಳಿಗಿಟ್ಟ ಹೆಸರುಗಳೂ ಚೆಂದ: ತಲೆ ನೀಲಿಯಾದರೆ ನೀಲ್‌ಸಿರ್, ಕೆಂಪಾದರೆ ಲಾಲ್‌ಸಿರ್, ಬಾಲ ಸೂಜಿಯಂತಿದ್ದರೆ ಸೀಂಖ್‌ಪರ್.

ಸ್ವಾತಂತ್ರ್ಯ ಬಂತು. 1948ರಲ್ಲಿ ಭರತಪುರ ಮತ್ಸ್ಯ ಒಕ್ಕೂಟಕ್ಕೆ, ಮರುವರ್ಷ ರಾಜಸ್ಥಾನಕ್ಕೆ ಸೇರಿತು. ಆಗ ಸುತ್ತಲಿನವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ರಾಜರ ಮೋಜಿಗೆ ಇಟ್ಟ ಈ ನೀರನ್ನೂ ನೆಲವನ್ನೂ ಬೇಸಾಯಕ್ಕೆ ಏಕೆ ಕೊಡಬಾರದು? ಜೌಗನ್ನು ಒಣಗಿಸಿ ಹೊಲ ಮಾಡುವ ಮಾತು ಬಲವಾಯಿತು. ಸಲೀಂ ಅಲಿ ನೆಹರೂ ಅವರ ಮುಂದೆ ವಿಷಯವಿಟ್ಟು ಅದನ್ನು ತಡೆದರು. 1956ರಲ್ಲಿ ಘನಾ ಪಕ್ಷಿಧಾಮವಾಯಿತು. ಆದರೆ ಬೇಟೆಯ ಹಕ್ಕನ್ನು ಮಹಾರಾಜರು ಉಳಿಸಿಕೊಂಡಿದ್ದರು. ಪಕ್ಷಿಧಾಮವೂ ಹೌದು, ಬೇಟೆಯ ತಾಣವೂ ಹೌದು! ಅತಿಗಣ್ಯರ ಷಿಕಾರಿ ಮುಂದುವರಿದು ಕೊನೆಯ ದೊಡ್ಡ ಬೇಟೆ ನಡೆದದ್ದು 1964ರಲ್ಲಿ. ಹಕ್ಕು ಪೂರ್ತಿಯಾಗಿ ಹೋದದ್ದು 1972ರಲ್ಲಿ.

ಇದೇ ಅವಧಿಯಲ್ಲಿ ಅಲ್ಲಿ ಇನ್ನೊಂದು ಬಗೆಯ ಹಕ್ಕಿ ಹಿಡಿತವೂ ನಡೆಯಿತು. ಅದರ ಬೇರು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿದೆ ಎಂದರೆ ಓದುಗರಿಗೆ ಆಶ್ಚರ್ಯವಾದೀತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ತಗುಲಿತಷ್ಟೆ. ಆ ಮಂಗನ ಕಾಯಿಲೆಯ ವೈರಸ್ಸು ರಷ್ಯಾದ ಒಂದು ಉಣ್ಣೆಜ್ವರದ ವೈರಸ್ಸನ್ನು ಹೋಲುತ್ತಿತ್ತು. ಸೈಬೀರಿಯದಿಂದ ಬರುವ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸ ಕೈಗೊಂಡಿತು. ಭರತಪುರ ಅದರ ಮುಖ್ಯ ಕೇಂದ್ರ. ಬಿಹಾರದ ಮೀರ್‌ಶಿಕಾರಿಗಳು ತಮ್ಮ ಕುಲಕಸುಬಿನ ಬಲೆಯಿಂದ ಹಕ್ಕಿ ಹಿಡಿದುಕೊಟ್ಟರೆ ಕಾಲಿಗೆ ಉಂಗುರ ಹಾಕಿ ಬಿಡುತ್ತಿದ್ದರು. ಆ ಉಂಗುರಗಳು ಮುಂದೆ ಸೋವಿಯತ್ ದೇಶದಿಂದ ಹಿಂತಿರುಗಿ ಬಂದವು; ಕಳಿಸುತ್ತಿದ್ದವರು ಹೆಚ್ಚಾಗಿ ಆ ಕಡೆಯ ಬೇಟೆಗಾರರೇ. ಹಕ್ಕಿಯ ದಾರಿ ತಿಳಿದದ್ದು ಹಕ್ಕಿ ಸತ್ತ ಮೇಲೆ.

ಕೋವಿ ನಿಂತ ಮೇಲೆ ಘನಾಕ್ಕೆ ಸುಖ ಬಂತೆಂದು ಹೇಳಿ ಮುಗಿಸಿಬಿಡಬಹುದಾಗಿತ್ತು. ಆದದ್ದು ಹಾಗಲ್ಲ. 1981ರಲ್ಲಿ ಒಡಿಶಾದ ಚಿಲಿಕಾ ಸರೋವರದ ಜೊತೆಗೆ ಘನಾ ಭಾರತದ ಮೊದಲ ರಾಮ್‌ಸಾರ್ ತಾಣವಾಯಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನ, 1985ರಲ್ಲಿ ವಿಶ್ವಪರಂಪರೆಯ ಪಟ್ಟಿ. ಉದ್ಯಾನವಾದ ವರ್ಷವೇ ನವೆಂಬರಿನಲ್ಲಿ ಊರವರ ಎಮ್ಮೆಗಳನ್ನು ಒಳಗೆ ಬಿಡಬಾರದೆಂದು ಗೋಡೆಯ ಬಾಗಿಲು ಮುಚ್ಚಿದರು. ತಲೆಮಾರುಗಳಿಂದ ಮೇಯಿಸಿಕೊಂಡು ಬಂದವರು ಪ್ರತಿಭಟಿಸಿದರು. ಪೋಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಬಾತುಗಳ ಲೆಕ್ಕ ಕಲ್ಲಿನ ಮೇಲಿದೆ. ಇವರ ಸಂಖ್ಯೆಯನ್ನು ಒಂದೊಂದು ಪುಸ್ತಕ ಒಂದೊಂದು ಥರ ಹೇಳುತ್ತದೆ.

ಮುಂದಿನದು ಇನ್ನೂ ವಿಚಿತ್ರ. ಅದೇ ಮುಂಬಯಿ ಸೊಸೈಟಿ ವಿ. ಎಸ್. ವಿಜಯನ್ ಅವರ ನೇತೃತ್ವದಲ್ಲಿ 1980ರಿಂದ ಹತ್ತು ವರ್ಷ ಅಲ್ಲಿ ಅಧ್ಯಯನ ಮಾಡಿತು. ಎಮ್ಮೆಗಳು ಹೋದ ಮೇಲೆ ಒಂದು ಜಾತಿಯ ನೀರುಹುಲ್ಲು ಹಬ್ಬಿ ಕೊಳಗಳನ್ನು ಮುಚ್ಚಿಬಿಟ್ಟಿದೆ, ಹಕ್ಕಿಗೆ ಇಳಿಯಲು ಬಿಡುವಿಲ್ಲ, ಮೀನಿಗೂ ತೊಂದರೆ, ಮೇಯುವುದೇ ಒಳ್ಳೆಯದಿತ್ತು ಎಂಬುದು ಆ ಅಧ್ಯಯನ ಕಂಡುಕೊಂಡ ಸಂಗತಿ. ಎಮ್ಮೆ ಕಾಯುವವನನ್ನು ಮೊದಲೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತೇನೋ ಎಂದು ನನಗನ್ನಿಸುತ್ತದೆ.

ಸೈಬೀರಿಯದ ಬಿಳಿ ಕ್ರೌಂಚಗಳ ಗತಿಯೂ ಇಲ್ಲಿ ಹೇಳಬೇಕು. 1964-65ರ ಚಳಿಗಾಲದಲ್ಲಿ ಘನಾದಲ್ಲಿ ಸುಮಾರು ಇನ್ನೂರು ಇದ್ದವು. ವರ್ಷ ವರ್ಷವೂ ಇಳಿಯುತ್ತ ಬಂದು, 2001-02ರ ಚಳಿಗಾಲದಲ್ಲಿ ಕಂಡ ಜೋಡಿಯೇ ಕಡೆಯದು. ಇವನ್ನು ಕೊಂದದ್ದು ಭರತಪುರದ ಕೋವಿಯಲ್ಲ. ದಾರಿಯಲ್ಲಿ ಅಫಘಾನಿಸ್ತಾನ, ಪಾಕಿಸ್ತಾನಗಳ ಕೆರೆಗಳಲ್ಲಿ ಆದ ಬೇಟೆ ಮುಖ್ಯ ಕಾರಣವೆನ್ನುತ್ತಾರೆ. ಅದೇ ಹೊತ್ತಿಗೆ ಮೇಲಿನ ಕರೌಲಿ ಜಿಲ್ಲೆಯಲ್ಲಿ ಗಂಭೀರ್ ನದಿಗೆ ಪಾಂಚನಾ ಅಣೆಕಟ್ಟು ಕಟ್ಟಿದ್ದರಿಂದ ಘನಾಕ್ಕೆ ನೀರೇ ಕಡಿಮೆಯಾಯಿತು. ಅಲ್ಲಿನ ರೈತರು ಹಕ್ಕಿಗಳಿಗೆ ನೀರು ಬಿಡಲು ಒಪ್ಪಲಿಲ್ಲ. ಕಾವೇರಿಯ ನೀರಿನ ಜಗಳ ಕಂಡ ನಮ್ಮ ಮಾವ ಇದನ್ನು ಕೇಳಿ, "ಅವರದ್ದೂ ತಪ್ಪಲ್ಲ ಬಿಡು" ಎಂದಷ್ಟೇ ಹೇಳಿದರು. ಆಮೇಲೆ ಬೇರೆ ಕಡೆಗಳಿಂದ ಕೊಳವೆ ಹಾಕಿ ನೀರು ತರಿಸಬೇಕಾಯಿತು.

ಲಿನ್‌ಲಿತ್‌ಗೋ ಬೇಟೆಯಾದ ಎರಡೇ ವರ್ಷಕ್ಕೆ, 1940ರಲ್ಲಿ, ಮೈಸೂರು ಸಂಸ್ಥಾನ ಸಲೀಂ ಅಲಿಯವರ ಸಲಹೆಯಂತೆ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿತು. ಅದೂ ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಹುಟ್ಟಿದ ನಡುಗಡ್ಡೆಗಳು. ಮದರಾಸಿನ ಹತ್ತಿರದ ವೇಡಂತಾಂಗಲ್‌ನವರಂತೂ 1798ರಲ್ಲೇ, ಬ್ರಿಟಿಷ್ ಸಿಪಾಯಿಗಳು ಕೆರೆಯ ಹಕ್ಕಿ ಹೊಡೆಯುತ್ತಾರೆಂದು ಕಲೆಕ್ಟರ್ ಲಯನೆಲ್ ಪ್ಲೇಸ್‌ನಿಂದ ಕೌಲು ಬರೆಸಿಕೊಂಡಿದ್ದರು. ಹಿಕ್ಕೆ ಬಿದ್ದ ಕೆರೆನೀರು ಗದ್ದೆಗೆ ಗೊಬ್ಬರವೆಂಬುದು ಅವರಿಗೆ ಗೊತ್ತಿತ್ತು.

ಭರತಪುರಕ್ಕೆ ಹೋಗುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಬೇಕು. ಬೆಳಗ್ಗೆ ಬೇಗ, ಸ್ವೆಟರು ಮಫ್ಲರು ಸಹಿತ. ಗಂಡಸರು ಹೆಂಗಸರೆನ್ನದೆ ಎಲ್ಲರೂ ಬಾತು ನೋಡುವ ಉತ್ಸಾಹದಲ್ಲಿ ಕಲ್ಲುಬರಹವನ್ನು ದಾಟಿ ಹೋಗುತ್ತಾರೆ, ರಿಕ್ಷಾದವನಿಗೆ ನಿಲ್ಲಿಸಲು ಹೇಳಬೇಕು. ನಾವು ಹಿಂತಿರುಗುವಾಗ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡಿನಲ್ಲಿದ್ದವು. ನಮ್ಮ ಕೊಕ್ಕರೆಬೆಳ್ಳೂರಿನಲ್ಲಿ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ನೋಡಿಕೊಳ್ಳುವ ಹಕ್ಕಿಗಳೇ. ಮಾವ ರಿಕ್ಷಾ ನಿಲ್ಲಿಸಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಸರ್ದಾರನ ಕಡೆ ತಿರುಗಿ, ತಮಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ, ಇವು ನಮ್ಮೂರಿನವು ಎಂದರು. ಆತ ನಗುತ್ತ, ಇಲ್ಲ ಬಾಬೂಜಿ, ಇವು ಇಲ್ಲಿಯವೇ ಎಂದ.