ಟೈಟ್ ಎಂಡ್: ಹೊಸಬನ ಹೆಗಲಿಗೆ ಎರಡು ಕಸುಬು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿ ನಡೆಸುವ ತಂಡದ ಸಾಲಿನ ನಡುವೆ ಐವರು ಕಟ್ಟುಮಸ್ತಾದ ಆಟಗಾರರು ನಿಲ್ಲುತ್ತಾರೆ. ಎದುರಾಳಿಯನ್ನು ತಡೆಯುವುದು ಅವರ ಕೆಲಸ. ಸಾಮಾನ್ಯವಾಗಿ ಪಾಸ್, ಅಂದರೆ ಮುಂದಕ್ಕೆ ಎಸೆದ ಚೆಂಡು, ಹಿಡಿಯುವ ಹಕ್ಕು ಅವರಿಗಿಲ್ಲ. ಸಾಲಿನ ತುದಿಯಲ್ಲಿ ಅವರಿಗೆ ಒತ್ತಿಕೊಂಡು ನಿಲ್ಲುವ ಟೈಟ್ ಎಂಡ್ ಅವರಂತೆ ತಡೆಯಲೂ ಬೇಕು, ನುಸುಳಿ ಓಡಿ ಚೆಂಡು ಹಿಡಿಯಲೂ ಬೇಕು. ಕಾಲೇಜಿನಿಂದ ಬಂದ ಹೊಸಬನಿಗೆ ಇವೆರಡರಲ್ಲಿ ಯಾವುದನ್ನು ಮೊದಲು ಒಪ್ಪಿಸುವುದು ಎಂಬ ವಿಷಯದಲ್ಲಿ ಕೋಚ್‌ಗಳು ಒಂದೇ ದಾರಿ ಹಿಡಿದವರಲ್ಲ.

ಗ್ರೀನ್ ಬೇ ಪ್ಯಾಕರ್ಸ್ ತಂಡದ ವಿನ್ಸ್ ಲೊಂಬಾರ್ಡಿ ತಡೆಗೆ ಒತ್ತು ಕೊಟ್ಟವರು. ಅವರ ಹೆಸರಾಂತ ‘ಸ್ವೀಪ್’ ಓಟದಲ್ಲಿ ಟೈಟ್ ಎಂಡ್ ಎದುರಿನ ಲೈನ್‌ಬ್ಯಾಕರ್‌ನನ್ನು (ರಕ್ಷಣೆಯ ಮುಂಸಾಲಿನ ಹಿಂದೆ ನಿಲ್ಲುವವನನ್ನು) ಅವನು ವಾಲಿದ ಕಡೆಗೇ ನೂಕುತ್ತಿದ್ದ. ಅವನು ಒಳಕ್ಕೆ ವಾಲಿದರೆ ಚೆಂಡು ಹಿಡಿದ ಓಟಗಾರ ಹೊರಗಿನಿಂದ ಸಾಗುತ್ತಿದ್ದ, ಹೊರಕ್ಕೆ ವಾಲಿದರೆ ಒಳಗಿನಿಂದ. ಈ ಒಂದು ತಡೆ ಕೈಕೊಟ್ಟರೆ ಇಡೀ ಆಟವೇ ಕೆಡುತ್ತಿತ್ತು. 1957ರಲ್ಲಿ ಆಯ್ಕೆಯಾಗಿದ್ದ ರಾನ್ ಕ್ರೇಮರ್‌ಗೆ ಆ ಜಾಗ ಗಟ್ಟಿಯಾಗಿ ದಕ್ಕಿದ್ದು 1961ರಲ್ಲಿ.

ಅದೇ ವರ್ಷ ಶಿಕಾಗೊ ಬೇರ್ಸ್ ತದ್ವಿರುದ್ಧ ದಾರಿ ಹಿಡಿಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಿಂದ ಬಂದ ಮೈಕ್ ಡಿಟ್ಕಾನನ್ನು ಕೋಚ್ ಜಾರ್ಜ್ ಹಾಲಸ್ ಮೊದಲ ಋತುವಿನಲ್ಲೇ ಪಾಸ್ ಆಟದ ಮುಂಚೂಣಿಗೆ ತಂದರು. ಅವನನ್ನು ಬೆನ್ನಟ್ಟಲು ಲೈನ್‌ಬ್ಯಾಕರ್‌ಗಳಿಗೆ ವೇಗ ಸಾಲದು, ಹಿಡಿದು ಕೆಡವಲು ಹಿಂದಿನ ಸಾಲಿನ ಸಣ್ಣ ಆಳುಗಳಿಗೆ ಕಸುವು ಸಾಲದು. ಆ ವರ್ಷ ಡಿಟ್ಕಾ 56 ಪಾಸ್ ಹಿಡಿದು 1,076 ಗಜ ಗಳಿಸಿ, 12 ಟಚ್‌ಡೌನ್ ಬಾರಿಸಿದ. ಈ ಸ್ಥಾನದಿಂದ ಹಾಲ್ ಆಫ್ ಫೇಮ್ ಸೇರಿದ ಮೊದಲಿಗನೂ ಅವನೇ; ಆ ಗೌರವ ಬಂದದ್ದು ಮಾತ್ರ 1988ರಲ್ಲಿ.

ಸ್ಥಾನದ ಸ್ವರೂಪವನ್ನೇ ಬದಲಿಸಿದವರು ಸ್ಯಾನ್ ಡಿಯಾಗೊ ಚಾರ್ಜರ್ಸ್‌ನ ಡಾನ್ ಕೊರಿಯೆಲ್. ಪಾಸ್ ಹಿಡಿಯಲು ಓಡುವ ರಿಸೀವರ್‌ಗಳನ್ನು ಐದು ಗಜ ದಾಟಿದ ಮೇಲೆ ತಳ್ಳಿ ಅಡ್ಡಗಟ್ಟುವುದಕ್ಕೆ 1978ರ ನಿಯಮ ತಡೆ ಹಾಕಿತ್ತು. ಮರುವರ್ಷ ಬಂದ ಟೈಟ್ ಎಂಡ್ ಕೆಲನ್ ವಿನ್‌ಸ್ಲೋ ಕಾಲು ಮುರಿದುಕೊಂಡು ಏಳೇ ಪಂದ್ಯಕ್ಕೆ ಮೊದಲ ಋತು ಮುಗಿಸಿದ. 1980ರಲ್ಲಿ ಕೊರಿಯೆಲ್ ಅವನನ್ನು ಒಂದೇ ಕಡೆ ನಿಲ್ಲಿಸಲಿಲ್ಲ: ಒಮ್ಮೆ ಸಾಲಿನ ತುದಿ, ಒಮ್ಮೆ ಅಂಚುಗೆರೆಯ ಬಳಿ, ಒಮ್ಮೆ ಆಟ ಶುರುವಾಗುವ ಮುನ್ನವೇ ಅಡ್ಡಡ್ಡ ಓಟ. ಅವನನ್ನು ಮೊದಲ ಹೆಜ್ಜೆಯಲ್ಲೇ ಕಟ್ಟಿಹಾಕುವುದು ಎದುರಾಳಿಗೆ ಕಷ್ಟವಾಯಿತು. ಆ ವರ್ಷ ಅವನು ಹಿಡಿದ ಪಾಸ್‌ಗಳು 89.

ಆದರೂ ಮೊದಲ ವರ್ಷವೇ ಮಿಂಚಿದವರು ವಿರಳ. ಮುಂದೆ 1,325 ಪಾಸ್ ಹಿಡಿದ ಟೋನಿ ಗೊನ್ಜಾಲೆಜ್‌ಗೆ 1997ರ ಮೊದಲ ಋತುವಿನಲ್ಲಿ ಸಿಕ್ಕಿದ್ದು 33 ಮಾತ್ರ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಬಂದ ಆಂಟೋನಿಯೊ ಗೇಟ್ಸ್ 2003ರಲ್ಲಿ ಹಿಡಿದದ್ದು 24. ಕಾರಣ ಪ್ರತಿಭೆಯ ಕೊರತೆಯಲ್ಲ. ತಡೆಯುವವರ ಲೆಕ್ಕಾಚಾರ, ಓಟದ ಹಾದಿಗಳು ಎರಡನ್ನೂ ಕರಗತ ಮಾಡಿಕೊಳ್ಳಲು ಒಂದು ಋತು ಸಾಲದು. ಹಾಗಾಗಿ ಹಲವು ತಂಡಗಳು ಇಬ್ಬರು ಟೈಟ್ ಎಂಡ್‌ಗಳನ್ನು ಒಟ್ಟಿಗೇ ಇಳಿಸಿ, ತಡೆಯ ಭಾರವನ್ನು ಅನುಭವಿಗೆ ಬಿಟ್ಟು ಹೊಸಬನನ್ನು ಪಾಸ್‌ಗೆ ಓಡಿಸುತ್ತವೆ.

ಹೊಸ ಟೈಟ್ ಎಂಡ್‌ಗಳ ಪೈಕಿ ಡಿಟ್ಕಾನ ಗಜಗಳ ದಾಖಲೆ 63 ವರ್ಷ ನಿಂತಿತು. 2024ರಲ್ಲಿ ಲಾಸ್ ವೇಗಸ್ ರೇಡರ್ಸ್‌ನ ಬ್ರಾಕ್ ಬೌವರ್ಸ್ 112 ಪಾಸ್ ಹಿಡಿದು 1,194 ಗಜ ಗಳಿಸಿ ಅದನ್ನು ಮುರಿದ. ಬೌವರ್ಸ್ ಆಡಿದ್ದು 17 ಪಂದ್ಯ, ಡಿಟ್ಕಾ 14. ಪಂದ್ಯವೊಂದರ ಗಜಗಳ ಸರಾಸರಿಯಲ್ಲಿ ಇಬ್ಬರ ಪೈಕಿ ಡಿಟ್ಕಾನೇ ಮುಂದೆ.