ಎರಡು ಹೈವೇ, ನಡುವೆ ಒಂದು ಸಿಗ್ನಲ್: ಬ್ರೀಜ್‌ವುಡ್ ಅನ್ನೋ ಊರಿನ ಲೆಕ್ಕಾಚಾರ

ಇವತ್ತಿನ ಎಪಿಸೋಡ್ ಒಂದು ಟ್ರಾಫಿಕ್ ಸಿಗ್ನಲ್ ಬಗ್ಗೆ. ಸಿಗ್ನಲ್ ಇರೋದು ಅಮೆರಿಕದಲ್ಲಿ. ಆದ್ರೆ ಕೊನೆಗೆ ನಮ್ಮ ಮೈಸೂರು ರೋಡಿಗೂ ಬರ್ತೀನಿ, ಸ್ವಲ್ಪ ತಾಳ್ಮೆ ಇರಲಿ.

ಅಮೆರಿಕದ ಇಂಟರ್‌ಸ್ಟೇಟ್ ಹೈವೇಗಳ ಬಗ್ಗೆ ನೀವು ಕೇಳಿರ್ತೀರ. ಸಿಗ್ನಲ್ ಇಲ್ಲ, ಕ್ರಾಸಿಂಗ್ ಇಲ್ಲ, ಒಂದು ಹೈವೇಯಿಂದ ಇನ್ನೊಂದಕ್ಕೆ ಬ್ರೇಕ್ ಒತ್ತದೇ ಹೋಗಬಹುದು. ಅದಕ್ಕೆ ಅಂತಲೇ ಮೇಲೆ ಕೆಳಗೆ ಸುತ್ತುವ ಇಂಟರ್‌ಚೇಂಜ್‌ಗಳಿವೆ. ಇವುಗಳಲ್ಲಿ ಐ-70 ಅನ್ನೋದು ದೊಡ್ಡ ಹೈವೇ. ಪಶ್ಚಿಮದ ಯೂಟಾ ರಾಜ್ಯದಿಂದ ಪೂರ್ವದ ಬಾಲ್ಟಿಮೋರ್‌ವರೆಗೆ ಸುಮಾರು 3,460 ಕಿಲೋಮೀಟರ್. ಇಷ್ಟು ಉದ್ದದ ದಾರಿಯಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದ ಬೆಡ್‌ಫರ್ಡ್ ಕೌಂಟಿಯ ಬ್ರೀಜ್‌ವುಡ್ ಅನ್ನೋ ಪುಟ್ಟ ಊರಿಗೆ ಬಂದಾಗ ಹೈವೇ ಇದ್ದಕ್ಕಿದ್ದಂತೆ ಬಿಟ್ಟುಹೋಗುತ್ತೆ. ನೀವು ಕೆಳಗಿಳಿದು ಯುಎಸ್-30 ಅನ್ನೋ ಮಾಮೂಲಿ ರಸ್ತೆಗೆ ಬರಬೇಕು. ಎರಡೂ ಕಡೆ ಪೆಟ್ರೋಲ್ ಬಂಕು, ಮೋಟೆಲ್ಲು, ಬರ್ಗರ್ ಅಂಗಡಿ, ಆಕಾಶ ಮುಟ್ಟೋ ಬೋರ್ಡುಗಳು, ಮಧ್ಯೆ ಸಿಗ್ನಲ್ಲು. ಒಂದು ಕಿಲೋಮೀಟರಿಗಿಂತ ಕಡಿಮೆ ದೂರ. ಅದನ್ನ ದಾಟಿದ ಮೇಲೆ ಮತ್ತೆ ಹೈವೇ ಶುರು.

ವಾಷಿಂಗ್ಟನ್, ಮೇರಿಲ್ಯಾಂಡ್ ಕಡೆ ಇರುವ ಕನ್ನಡದವರು ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಕಾರಲ್ಲಿ ಹೊರಟರೆ ಸಾಮಾನ್ಯವಾಗಿ ಹಿಡಿಯೋದು ಇದೇ ದಾರಿ. ಹಬ್ಬದ ರಜೆಯಲ್ಲಿ ಇಲ್ಲಿ ಕ್ಯೂ ಹೇಗಿರುತ್ತೆ ಅಂತ ಅವರನ್ನೇ ಕೇಳಿ.

"ಇಂಜಿನಿಯರ್ ನಿದ್ದೆ ಮಾಡ್ತಿದ್ನಾ?" ನನಗೂ ಮೊದಲು ಬಂದ ಪ್ರಶ್ನೆ ಇದೇ. ನಾನು ಓದಿದ್ದು ಬಿ.ಕಾಂ., ಸೇತುವೆ ಕಟ್ಟೋದು ನನಗೆ ಗೊತ್ತಿಲ್ಲ. ಆದ್ರೆ ಕಾರಣ ಹುಡುಕ್ತಾ ಹೋದಾಗ ಕೊನೆಗೆ ನಾನು ಬಂದು ನಿಂತಿದ್ದು ಅಸಲು, ಬಡ್ಡಿ ಮತ್ತು ಬಾಂಡ್ ಲೆಕ್ಕದ ಮುಂದೆ.

ಹಳೇ ರೈಲು ದಾರಿ, ಹೊಸ ಟೋಲ್ ರೋಡು

ಕಥೆ ಶುರುವಾಗೋದು 1880ರ ದಶಕದಲ್ಲಿ. ಪೆನ್ಸಿಲ್ವೇನಿಯಾ ರೈಲ್‌ರೋಡ್ ಅನ್ನೋ ದೊಡ್ಡ ಕಂಪನಿಗೆ ಪೈಪೋಟಿಯಾಗಿ ವಿಲಿಯಂ ವ್ಯಾಂಡರ್‌ಬಿಲ್ಟ್ ಅನ್ನೋ ಶ್ರೀಮಂತ ಇನ್ನೊಂದು ರೈಲು ಮಾರ್ಗ ಕಟ್ಟಿಸೋಕೆ ಹೊರಟ. ಬೆಟ್ಟಗಳನ್ನ ಕೊರೆದು ಸುರಂಗ ತೋಡಿಸಿದ. 1885ರಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್ ಮಧ್ಯಸ್ಥಿಕೆ ವಹಿಸಿ ಎರಡೂ ಕಡೆಯವರನ್ನ ರಾಜಿ ಮಾಡಿಸಿದ, ಕೆಲಸ ಅರ್ಧಕ್ಕೇ ನಿಂತಿತು. ಸುರಂಗಗಳು ಐವತ್ತು ವರ್ಷ ಹಾಗೇ ಬಿದ್ದಿದ್ದವು.

1937ರಲ್ಲಿ ಪೆನ್ಸಿಲ್ವೇನಿಯಾ ಸರ್ಕಾರ ಟರ್ನ್‌ಪೈಕ್ ಕಮಿಷನ್ ಅಂತ ಒಂದು ಸಂಸ್ಥೆ ಮಾಡಿತು. ಟರ್ನ್‌ಪೈಕ್ ಅಂದ್ರೆ ಸುಂಕದ ರಸ್ತೆ. ಅದೇ ಹಳೇ ರೈಲು ದಾರಿ, ಅದೇ ಸುರಂಗಗಳನ್ನ ಬಳಸಿಕೊಂಡು 160 ಮೈಲಿ, ಅಂದ್ರೆ ಸುಮಾರು 257 ಕಿಲೋಮೀಟರ್ ರಸ್ತೆ ಮಾಡಿ, 1940ರ ಅಕ್ಟೋಬರ್ 1ಕ್ಕೆ ತೆರೆದರು. ಈ ತುದಿಯಿಂದ ಆ ತುದಿಗೆ ಕಾರಿಗೆ ಒಂದೂವರೆ ಡಾಲರ್ ಟೋಲ್. ಕೇಂದ್ರ ಸರ್ಕಾರದ ಅನುದಾನದ ಜೊತೆಗೆ ಬಾಂಡ್ ಮಾರಿ ಎತ್ತಿದ ಸಾಲದಿಂದ ಕಟ್ಟಿದ ರಸ್ತೆ ಇದು. ಬರೋ ಟೋಲ್‌ನಿಂದ ಸಾಲ ತೀರಿಸಬೇಕು. ಈ ರಸ್ತೆಗೆ ಹತ್ತೋದಕ್ಕೆ, ಇಳಿಯೋದಕ್ಕೆ ಇದ್ದ ಕೆಲವೇ ಜಾಗಗಳಲ್ಲಿ ಬ್ರೀಜ್‌ವುಡ್ ಒಂದು.

ರಸ್ತೆ ಯಶಸ್ವಿ ಆಯ್ತು. ಯಶಸ್ವಿ ಆದ್ಮೇಲೆ 1950ರ ದಶಕದಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಉದ್ದ ಮಾಡಿದರು. ಉದ್ದ ಮಾಡೋಕೆ ಮತ್ತೆ ಸಾಲ. ಅಂದ್ರೆ ಹಳೇ ಸಾಲ ತೀರೋ ಮುಂಚೆಯೇ ಹೊಸ ಸಾಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1956ರ ಒಂದು ಷರತ್ತು

1956ರ ಜೂನ್ 29ಕ್ಕೆ ಅಧ್ಯಕ್ಷ ಐಸೆನ್‌ಹೋವರ್ ಫೆಡರಲ್ ಹೆದ್ದಾರಿ ಕಾಯ್ದೆಗೆ ಸಹಿ ಹಾಕಿದರು. 41,000 ಮೈಲಿ ಉದ್ದದ ಇಂಟರ್‌ಸ್ಟೇಟ್ ಜಾಲದ ಯೋಜನೆ. ಖರ್ಚಿನಲ್ಲಿ ಕೇಂದ್ರದ ಪಾಲು 90%, ರಾಜ್ಯದ ಪಾಲು 10%. ಕೇಂದ್ರದ ದುಡ್ಡು ಮುಖ್ಯವಾಗಿ ಬರೋದು ಪೆಟ್ರೋಲ್ ಮೇಲಿನ ತೆರಿಗೆಯಿಂದ.

ಇಲ್ಲೊಂದು ನ್ಯಾಯದ ಪ್ರಶ್ನೆ ಇತ್ತು. ಜನ ಪೆಟ್ರೋಲ್ ಹಾಕಿಸುವಾಗಲೇ ರಸ್ತೆಗೆ ಅಂತ ತೆರಿಗೆ ಕಟ್ಟಿದ್ದಾರೆ. ಅದೇ ದುಡ್ಡನ್ನ ಟೋಲ್ ರೋಡಿನ ಅನುಕೂಲಕ್ಕೆ ಸುರಿದರೆ, ಒಂದೇ ರಸ್ತೆಗೆ ಜನ ಎರಡು ಸಲ ಕಟ್ಟಿದ ಹಾಗಾಗುತ್ತೆ. ಹಾಗಾಗಿ ಕಾಯ್ದೆಯಲ್ಲಿ ಷರತ್ತು ಹಾಕಿದರು. ಟೋಲ್ ರೋಡಿಗೆ ಹೋಗುವ ದಾರಿಗೆ ಕೇಂದ್ರದ ದುಡ್ಡು ಬೇಕಾದ್ರೆ, ಆ ದಾರಿ ಟೋಲ್ ರೋಡನ್ನ ಬಿಟ್ಟು ಬೇರೆ ಕಡೆಗೂ ಉಪಯೋಗಕ್ಕೆ ಬರಬೇಕು. ನೇರವಾಗಿ ಟೋಲ್ ರೋಡಿಗೇ ಜೋಡಿಸ್ತೀವಿ ಅಂದ್ರೆ, "ಸಾಲ ತೀರಿದ ಮೇಲೆ ಟೋಲ್ ನಿಲ್ಲಿಸ್ತೀವಿ" ಅಂತ ಮುಚ್ಚಳಿಕೆ ಬರೆದುಕೊಡಬೇಕು.

ನನಗೆ ಈ ಷರತ್ತಿನಲ್ಲಿ ಒಂದು ತಪ್ಪೂ ಕಾಣಲ್ಲ. ನಾನೇ ಅಲ್ಲಿದ್ದಿದ್ರೂ ಕೈ ಎತ್ತುತ್ತಿದ್ದೆ.

1960ರ ದಶಕದಲ್ಲಿ ಐ-70 ಹೈವೇ ಮೇರಿಲ್ಯಾಂಡ್ ಕಡೆಯಿಂದ ಬ್ರೀಜ್‌ವುಡ್ ಹತ್ತಿರ ಬಂತು. ಇನ್ನು ಟರ್ನ್‌ಪೈಕಿಗೆ ಜೋಡಿಸಬೇಕು. ಮುಚ್ಚಳಿಕೆ ಬರೆದುಕೊಡೋಕೆ ಟರ್ನ್‌ಪೈಕ್ ಕಮಿಷನ್ ತಯಾರಿರಲಿಲ್ಲ. ಟೋಲ್ ನಿಂತರೆ ಕಮಿಷನ್ನಿಗೆ ಉಳಿಯೋದೇನು? ಸರಿ, ಸ್ವಂತ ಖರ್ಚಲ್ಲಿ ಇಂಟರ್‌ಚೇಂಜ್ ಕಟ್ಟಬಹುದಿತ್ತು. ಅದನ್ನೂ ಮಾಡಲಿಲ್ಲ. ಬೇರೆಯವರ ದುಡ್ಡಾದ್ರೆ ಯಲ್ಲಮ್ಮನ ಜಾತ್ರೆ ಮಾಡೋಕೆ ಎಲ್ಲರೂ ರೆಡಿ, ಸ್ವಂತ ಜೇಬಿಂದ ಅಂದಾಗ ಯಾರೂ ಇಲ್ಲ.

ಹಾಗಾಗಿ ಕಾನೂನಿನ ಒಳಗೇ ಒಂದು ದಾರಿ ಹುಡುಕಿದರು. ಐ-70ನ್ನ ತಂದು ಯುಎಸ್-30 ರಸ್ತೆಗೆ ಇಳಿಸಿಬಿಟ್ಟರು. ಯುಎಸ್-30 ಟೋಲ್ ಇಲ್ಲದ ಹಳೇ ರಸ್ತೆ. ಡ್ರೈವರ್ ಬೇಕಾದ್ರೆ ಅದರಲ್ಲೇ ಹೋಗಬಹುದು, ಬೇಕಾದ್ರೆ ಟರ್ನ್‌ಪೈಕ್ ಹತ್ತಬಹುದು. ಆಯ್ಕೆ ಇದೆಯಲ್ಲ? ಹಾಗಾದ್ರೆ ಕೇಂದ್ರದ ದುಡ್ಡು ಬಳಸಬಹುದು. ಕಾಗದದ ಮೇಲೆ ಎಲ್ಲಾ ಸರಿ. ರಸ್ತೆ ಮೇಲೆ ಮಾತ್ರ ಸಿಗ್ನಲ್.

ಸ್ವಂತ ಗೇಟಿನ ಒಳಗಿನ ಕ್ಯೂ, ಹೊರಗಿನ ಕ್ಯೂ

ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಅದೇ ವರ್ಷಗಳಲ್ಲಿ ಅದೇ ಟರ್ನ್‌ಪೈಕಿಗೆ ಇನ್ನೊಂದು ತಲೆನೋವಿತ್ತು. ರಸ್ತೆ ನಾಲ್ಕು ಲೇನ್, ಆದ್ರೆ ಸುರಂಗಗಳಲ್ಲಿ ಹೋಗೋಕೊಂದು, ಬರೋಕೊಂದು, ಎರಡೇ ಲೇನ್. ಸುರಂಗದ ಬಾಯಲ್ಲಿ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಇದನ್ನ ಕಮಿಷನ್ ಸುಮ್ಮನೆ ನೋಡ್ತಾ ಕೂರಲಿಲ್ಲ. ಕೆಲವು ಸುರಂಗಗಳ ಪಕ್ಕ ಇನ್ನೊಂದು ಸುರಂಗ ಕೊರೆಸಿತು. ಬ್ರೀಜ್‌ವುಡ್‌ನ ಪಕ್ಕದಲ್ಲೇ ಇದ್ದ ರೇಸ್ ಹಿಲ್, ಸೈಡ್ಲಿಂಗ್ ಹಿಲ್ ಸುರಂಗಗಳನ್ನಂತೂ ಪೂರ್ತಿ ಬಿಟ್ಟು, ಬೆಟ್ಟದ ಮೇಲೆ ಹೊಸ ರಸ್ತೆಯನ್ನೇ ಮಾಡಿ 1968ರಲ್ಲಿ ತೆರೆಯಿತು. ಹಳೇ ರಸ್ತೆಯ ಸುಮಾರು 13 ಮೈಲಿ ಇವತ್ತಿಗೂ ಅಲ್ಲಿ ಪಾಳು ಬಿದ್ದಿದೆ, ಸೈಕಲ್ ಹೊಡೆಯುವವರು ಸುರಂಗದೊಳಗೆ ಟಾರ್ಚ್ ಹಿಡಿದು ಹೋಗ್ತಾರೆ.

ಊರು ಅದೇ, ಸಂಸ್ಥೆ ಅದೇ, ಕಾಲವೂ ಹೆಚ್ಚುಕಡಿಮೆ ಅದೇ. ತನ್ನ ಗೇಟಿನ ಒಳಗೆ ಕ್ಯೂ ನಿಂತರೆ ಟೋಲ್ ಕೊಡುವ ಗಿರಾಕಿ ಕೈಬಿಟ್ಟು ಹೋಗ್ತಾನೆ, ಅದಕ್ಕೆ ಬೆಟ್ಟವನ್ನೇ ಕಡಿದರು. ಗೇಟಿನ ಹೊರಗೆ ಕ್ಯೂ ನಿಂತರೆ ನಷ್ಟ ಡ್ರೈವರಿಗೆ, ಕಮಿಷನ್ನಿನ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಇಂಜಿನಿಯರಿಂಗ್ ಗೊತ್ತಿಲ್ಲದೆ ಕೆಟ್ಟ ಜಂಕ್ಷನ್ ಹುಟ್ಟುತ್ತೆ ಅಂತ ನಾವು ಅಂದ್ಕೋತೀವಿ. ಬ್ರೀಜ್‌ವುಡ್‌ನಲ್ಲಿ ಅದು ಹುಟ್ಟಿದ್ದು, ಕಾಯುವವನ ಟೈಮು ಯಾರ ಖರ್ಚಿನಲ್ಲೂ ಬರೆಯದೇ ಇದ್ದಿದ್ದಕ್ಕೆ.

ಸಿಗ್ನಲ್ಲಿಂದ ಬದುಕಿದ ಊರು

ಕಾಲ ಹೋದ ಹಾಗೆ ಕಾನೂನು ಸಡಿಲ ಆಯ್ತು. ಈಗ ನೇರ ಸಂಪರ್ಕ ಕಟ್ಟೋಕೆ ಆ ಹಳೇ ಷರತ್ತು ಅಡ್ಡ ಇಲ್ಲ. ಆದ್ರೆ ಅಷ್ಟೊತ್ತಿಗೆ ಊರು ಬದಲಾಗಿತ್ತು. ಪ್ರತಿಯೊಂದು ಕಾರು, ಪ್ರತಿಯೊಂದು ಟ್ರಕ್ಕು ಅಲ್ಲಿ ನಿಧಾನ ಮಾಡಲೇಬೇಕು ಅಂದಮೇಲೆ ಕಾಫಿ ಮಾರುವವನು ಬಂದ, ಡೀಸೆಲ್ ಮಾರುವವನು ಬಂದ, ರೂಮು ಬಾಡಿಗೆಗೆ ಕೊಡುವವನೂ ಬಂದ. ತನ್ನನ್ನ ತಾನೇ ಮೋಟೆಲ್‌ಗಳ ಊರು ಅಂತ ಕರೆದುಕೊಂಡ ಜಾಗ ಅದು. ನೂರಾರು ಜನರ ಸಂಬಳ ಆ ಸಿಗ್ನಲ್ಲನ್ನ ನಂಬಿಕೊಂಡಿತು. ಬೈಪಾಸ್ ಮಾತು ಬಂದಾಗಲೆಲ್ಲ ವ್ಯಾಪಾರಸ್ಥರು ಬೇಡ ಅಂದರು.

ಆ ಪ್ರದೇಶದ ಸಂಸದ ಬಡ್ ಶುಸ್ಟರ್ 1995ರಿಂದ 2001ರವರೆಗೆ ಅಮೆರಿಕದ ಕೆಳಮನೆಯ ಸಾರಿಗೆ ಸಮಿತಿ ಅಧ್ಯಕ್ಷರಾಗಿದ್ದವರು. ಅವರ ಪ್ರಭಾವ ಎಷ್ಟಿತ್ತು ಅಂದ್ರೆ, ಅದೇ ಬೆಡ್‌ಫರ್ಡ್ ಕೌಂಟಿಯಲ್ಲಿ ಹಾದುಹೋಗುವ ಇನ್ನೊಂದು ಹೈವೇಗೆ ನಂಬರಿಂಗ್ ಪದ್ಧತಿ ಮೀರಿ ಐ-99 ಅನ್ನೋ ನಂಬರನ್ನ ಕಾಯ್ದೆಯಲ್ಲೇ ಬರೆಸಿದರು. ಅಂಥವರ ಕಾಲದಲ್ಲೂ ಬ್ರೀಜ್‌ವುಡ್ ಸಿಗ್ನಲ್ ಅಲ್ಲಾಡಲಿಲ್ಲ.

2008ರಲ್ಲಿ ಎಡ್ವರ್ಡ್ ಬರ್ಟಿನ್ಸ್ಕಿ ಅನ್ನೋ ಕೆನಡಾದ ಫೋಟೋಗ್ರಾಫರ್ ಈ ಬೀದಿಯ ಚಿತ್ರ ತೆಗೆದರು. ಬೋರ್ಡುಗಳ ಕಾಡು. "ಅಮೆರಿಕದ ಪ್ರತಿ ಊರೂ ಹೀಗೇ" ಅಂತ ಆ ಚಿತ್ರ ಮೀಮ್ ಆಗಿ ಓಡಾಡ್ತು, ನಿಮ್ಮ ಫೋನಿಗೂ ಬಂದಿರಬಹುದು. ತಮಾಷೆ ಅಂದ್ರೆ, ಪ್ರತಿ ಊರೂ ಹಾಗಿಲ್ಲ. 1956ರ ಒಂದು ಷರತ್ತಿನಿಂದ ಹುಟ್ಟಿದ ಬೀದಿ ಅದು.

ಟೋಲ್ ಕಥೆ? ನಿಂತಿಲ್ಲ. 2007ರಲ್ಲಿ ಪೆನ್ಸಿಲ್ವೇನಿಯಾ ಹೊಸ ಕಾನೂನು ಮಾಡಿ, ರಾಜ್ಯದ ಬೇರೆ ರಸ್ತೆ, ಬಸ್ಸು, ರೈಲುಗಳಿಗೆ ಟರ್ನ್‌ಪೈಕ್ ವರ್ಷಾವರ್ಷ ದುಡ್ಡು ಕೊಡಬೇಕು ಅಂತು. ಕೊಡೋಕೆ ಮತ್ತೆ ಬಾಂಡ್, ಬಾಂಡ್ ತೀರಿಸೋಕೆ ಮತ್ತೆ ಟೋಲ್ ಏರಿಕೆ. 2020ರಲ್ಲಿ ನಗದು ತಗೊಳ್ಳೋದೂ ನಿಂತಿತು, ಎಲ್ಲಾ ಎಲೆಕ್ಟ್ರಾನಿಕ್. ಈಗ ಟೋಲ್ ಗೇಟಲ್ಲಿ ನಿಲ್ಲಬೇಕಿಲ್ಲ, ಸಿಗ್ನಲ್ಲಲ್ಲಿ ನಿಲ್ಲಬೇಕು.

ಮಾತು ಉಳಿಸಿಕೊಂಡವರೂ ಇದ್ದಾರೆ

ಎಲ್ಲಾ ಕಡೆ ಹೀಗೇ ಆಯ್ತು ಅಂತ ತಿಳ್ಕೋಬೇಡಿ. ಟೆಕ್ಸಸ್‌ನಲ್ಲಿ ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಡುವಿನ ಟೋಲ್ ರೋಡು 1957ರಲ್ಲಿ ಶುರುವಾಗಿ, ಬಾಂಡ್ ಸಾಲ ತೀರಿದ ಮೇಲೆ 1977ರ ಕೊನೆಗೆ ಟೋಲ್ ತೆಗೆದುಹಾಕಿತು. ಇಪ್ಪತ್ತು ವರ್ಷ, ಮುಗೀತು. ಅಂದ್ರೆ ಆ ಷರತ್ತು ಕನಸೇನೂ ಆಗಿರಲಿಲ್ಲ, ಪಾಲಿಸಬಹುದಾದ ಮಾತೇ ಆಗಿತ್ತು.

ಇನ್ನೊಂದು ಕಡೆ ಅದೇ ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾ ಹತ್ತಿರ, ಐ-95 ಹೈವೇ ಟರ್ನ್‌ಪೈಕನ್ನ ಅಡ್ಡ ದಾಟುತ್ತಿತ್ತು. ಜೋಡಣೆ ಮಾತ್ರ ಇರಲಿಲ್ಲ. ಅಲ್ಲೂ ಇದೇ ಟೋಲ್ ನಿಯಮ ಒಂದು ಕಾರಣ. ಅದನ್ನ ಜೋಡಿಸಿ, ಐ-95 ಒಂದೇ ಎಳೆಯ ಹೈವೇ ಆಗಿದ್ದು 2018ರ ಸೆಪ್ಟೆಂಬರ್ 22ಕ್ಕೆ. 1956ರಿಂದ ಲೆಕ್ಕ ಹಾಕಿ, 62 ವರ್ಷ.

ನಮ್ಮ ಮೈಸೂರು ರೋಡು

ಈಗ ನಮ್ಮ ಕಡೆ ಬರೋಣ. ಬ್ರೀಜ್‌ವುಡ್‌ನವರು ಏನನ್ನ ತಪ್ಪಿಸಿಕೊಂಡರೋ ಅದು ನಮ್ಮಲ್ಲಿ ಆಗಿಹೋಗಿದೆ. 2023ರ ಮಾರ್ಚ್ 12ಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ ಆಯ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಾ ಊರನ್ನೂ ಹೊಸ ರಸ್ತೆ ಪಕ್ಕದಲ್ಲೋ ಮೇಲಿಂದಲೋ ದಾಟಿಬಿಡುತ್ತೆ. ಮೂರು ಗಂಟೆ ದಾರಿ ಅರ್ಧಕ್ಕೆ ಇಳೀತು. ನನಗೂ ಖುಷಿನೇ.

ಆದ್ರೆ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ, ಇವೆಲ್ಲಾ ಊರೊಳಗೆ ನಿಧಾನವಾಗಿ ಹೋಗುವ ಕಾರನ್ನ ನಂಬಿಕೊಂಡಿದ್ದ ವ್ಯಾಪಾರ. ರಸ್ತೆ ಬದಿ ಅಂಗಡಿಯವರು ವ್ಯಾಪಾರ ಬಿದ್ದುಹೋಯ್ತು ಅಂತ ಹೇಳಿದ್ದು ಆಗಿನ ಪತ್ರಿಕೆಗಳಲ್ಲೆಲ್ಲಾ ಬಂತು. ಬ್ರೀಜ್‌ವುಡ್‌ನಲ್ಲಿ ಕಾಯುವವನ ಟೈಮಿಗೆ ಕಾಲಮ್ ಇರಲಿಲ್ಲ. ಇಲ್ಲಿ ಬೊಂಬೆ ಅಂಗಡಿಯ ನಷ್ಟಕ್ಕೆ ಕಾಲಮ್ ಇಲ್ಲ. ಅಂಗಡಿಗೋಸ್ಕರ ಲಕ್ಷಾಂತರ ಜನ ಜಾಮಲ್ಲಿ ನಿಲ್ಲಲಿ ಅಂತ ನಾನು ಹೇಳ್ತಿಲ್ಲ. ಪ್ಲಾನ್ ಬರೆಯುವ ದಿನವೇ ಆ ನಷ್ಟವನ್ನೂ ಬರೆದಿದ್ರೆ, ಊರಿಗೆ ಇಳಿಯೋಕೆ ಹತ್ತೋಕೆ ಸಲೀಸಾದ ದಾರಿ, ಹೈವೇ ಪಕ್ಕ ಸ್ಥಳೀಯರಿಗೇ ಮಳಿಗೆ, ಇವೆಲ್ಲಾ ಆಮೇಲೆ ಬೇಡಿಕೊಳ್ಳುವ ವಿಷಯ ಆಗ್ತಿರಲಿಲ್ಲ.

ಟೋಲ್ ವಿಷಯದಲ್ಲೂ ಅಷ್ಟೇ. ನಮ್ಮ 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು ಮೊದಲು ಬಂದಾಗ, ಹಾಕಿದ ಬಂಡವಾಳ ವಸೂಲಾದ ಮೇಲೆ ಟೋಲ್ 40%ಗೆ ಇಳಿಯಬೇಕು ಅನ್ನೋ ಮಾತು ಅದರಲ್ಲಿತ್ತು. ಇಂಥ ಸಾಲುಗಳನ್ನ ಯಾರೂ ಓದಲ್ಲ. ಆದ್ರೆ ಒಂದು ಊರು ಹೇಗಿರುತ್ತೆ, ನೀವು ಎಲ್ಲಿ ನಿಲ್ತೀರ, ಎಷ್ಟು ವರ್ಷ ದುಡ್ಡು ಕಟ್ತೀರ ಅನ್ನೋದು ಇಂಥ ಸಾಲುಗಳಲ್ಲೇ ತೀರ್ಮಾನ ಆಗೋದು.

ಮುಂದಿನ ಸಲ ಯಾವುದಾದ್ರೂ ಹುಚ್ಚು ಜಂಕ್ಷನ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಇಂಜಿನಿಯರಿಗೆ ಬೈಯೋ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ರಸ್ತೆಗೆ ದುಡ್ಡು ಹಾಕಿದ್ದು ಯಾರು? ವಸೂಲಿ ಮಾಡ್ತಿರೋದು ಯಾರು? ನಾನಿಲ್ಲಿ ನಿಂತಿರೋದ್ರಿಂದ ಯಾರ ಹೊಟ್ಟೆ ತುಂಬ್ತಿದೆ? ಉತ್ತರ ಸಿಕ್ಕರೆ ವಾಯ್ಸ್ ನೋಟ್ ಕಳಿಸಿ, ನಿಮ್ಮೂರಿನ ಜಂಕ್ಷನ್ ಹೆಸರೂ ಹೇಳಿ. ಒಳ್ಳೊಳ್ಳೆ ಕಥೆಗಳನ್ನ ಸೇರಿಸಿ ಒಂದು ಎಪಿಸೋಡ್ ಮಾಡೋಣ. ಸಿಗೋಣ, ಹುಷಾರಾಗಿ ಗಾಡಿ ಓಡಿಸಿ.