ಸಂಸ್ಕಾರಕದ ಮೇಲ್ದರ್ಜೆಗೇರಿಕೆ

ಸಂಸ್ಕಾರಕದ ಮೇಲ್ದರ್ಜೆಗೇರಿಕೆ ಎಂದರೆ ಬಳಕೆಯಲ್ಲಿರುವ ಗಣಕಯಂತ್ರದ ಕೇಂದ್ರೀಯ ಸಂಸ್ಕರಣಾ ಘಟಕವನ್ನು ತೆಗೆದು, ಅದಕ್ಕಿಂತ ಹೆಚ್ಚಿನ ಸಾಮರ್ಥ್ಯದ ಮತ್ತೊಂದನ್ನು ಅಳವಡಿಸುವ ಕ್ರಿಯೆ. ಈ ಘಟಕಕ್ಕೆ ಬಳಕೆಯ ಮಾತಿನಲ್ಲಿ ಪ್ರೊಸೆಸರ್ ಎಂಬ ಹೆಸರಿದೆ. ಹೊಸ ಪ್ರೊಸೆಸರ್‌ನ ಬೆಲೆ ಮತ್ತು ಅದರಿಂದ ದೊರೆಯುವ ಪ್ರಯೋಜನ ಒಂದಕ್ಕೊಂದು ಸರಿಹೊಂದುತ್ತವೆಯೇ ಎಂಬುದು ಯಂತ್ರದ ಇತರ ಭಾಗಗಳನ್ನೂ ಅದರಲ್ಲಿ ನಡೆಯುವ ಕೆಲಸವನ್ನೂ ಅವಲಂಬಿಸಿದೆ. ಈ ಲೇಖನದ ಉದಾಹರಣೆಗಳನ್ನು ಕಲಬುರಗಿ ನಗರ ಮತ್ತು ಅದೇ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಕಮಲಾಪುರದಲ್ಲಿ ಸಾಮಾನ್ಯವಾಗಿರುವ ಬಳಕೆಗಳಿಂದ ಆಯ್ದುಕೊಳ್ಳಲಾಗಿದೆ.

ಅಡಚಣೆಯನ್ನು ಗುರುತಿಸುವುದು

ಗಣಕಯಂತ್ರ ನಿಧಾನವಾಗಲು ಪ್ರೊಸೆಸರ್ ಒಂದೇ ಕಾರಣವಲ್ಲ. ವಿಂಡೋಸ್ ವ್ಯವಸ್ಥೆಯ ಟಾಸ್ಕ್ ಮ್ಯಾನೇಜರ್ ತೆರೆದು, ನಿತ್ಯದ ಕೆಲಸ ನಡೆಯುತ್ತಿರುವಾಗಲೇ ಅಂಕಿಗಳನ್ನು ಗಮನಿಸಬೇಕು. ಪ್ರೊಸೆಸರ್ ಬಳಕೆ ಬಹುಹೊತ್ತು ಶೇ. 100ರ ಸಮೀಪದಲ್ಲಿದ್ದರೆ ಅಡಚಣೆ ಅಲ್ಲಿದೆ ಎನ್ನಬಹುದು. ಪ್ರೊಸೆಸರ್ ಶೇ. 20ರಲ್ಲಿದ್ದು ಡಿಸ್ಕ್ ಮಾತ್ರ ಶೇ. 100ರಲ್ಲಿದ್ದರೆ ದೋಷ ಹಾರ್ಡ್ ಡಿಸ್ಕಿನದು. ಮೆಮೊರಿ ತುಂಬಿದ್ದರೆ ರ‍್ಯಾಮ್ ಸಾಲದು. ಇಲ್ಲೊಂದು ಸೂಕ್ಷ್ಮವಿದೆ. ಎಂಟು ಕೋರ್‌ಗಳ ಪ್ರೊಸೆಸರ್‌ನಲ್ಲಿ ಒಂದೇ ಕೋರ್ ಬಳಸುವ ತಂತ್ರಾಂಶ ಓಡುತ್ತಿದ್ದರೆ, ಆ ಕೋರ್ ಪೂರ್ತಿ ದುಡಿಯುತ್ತಿದ್ದರೂ ಒಟ್ಟು ಬಳಕೆ ಶೇ. 12 ಅಥವಾ 13 ಎಂದೇ ಕಾಣಿಸುತ್ತದೆ. ಆದ್ದರಿಂದ ಪ್ರತಿ ಕೋರ್‌ನ ರೇಖಾಚಿತ್ರವನ್ನೂ ನೋಡಬೇಕು.

ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರಗಳಲ್ಲಿ ಎಸ್‌ಎಸ್‌ಡಿ ಅಳವಡಿಸುವುದೇ ಮೊದಲ ಹೆಜ್ಜೆಯಾಗಬೇಕು. ತಿರುಗುವ ಡಿಸ್ಕ್ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ಸುಮಾರು ನೂರು ಬಾರಿ ಓದಬಲ್ಲದು. ಸಾಧಾರಣ ಸಾಟಾ ಎಸ್‌ಎಸ್‌ಡಿ ಹತ್ತಾರು ಸಾವಿರ ಬಾರಿ ಓದುತ್ತದೆ. ಪ್ರೊಸೆಸರ್ ಬದಲಿಸಿ ಹಾರ್ಡ್ ಡಿಸ್ಕನ್ನು ಹಾಗೆಯೇ ಉಳಿಸಿಕೊಂಡರೆ ಯಂತ್ರ ಆರಂಭವಾಗುವ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು.

ಕೆಲಸದ ಸ್ವರೂಪ

ಕಮಲಾಪುರದಂತಹ ಊರಿನಲ್ಲಿ ಪಹಣಿ ಮುದ್ರಿಸಿಕೊಡುವ, ಸೇವಾ ಸಿಂಧು ಅರ್ಜಿ ತುಂಬಿಕೊಡುವ ಅಂಗಡಿಯ ಯಂತ್ರ ಬಹುಪಾಲು ಸಮಯ ಅಂತರಜಾಲ ಸಂಪರ್ಕಕ್ಕೂ ದೂರದ ಸರ್ವರ್‌ಗೂ ಕಾಯುತ್ತಿರುತ್ತದೆ. ಆ ಕಾಯುವಿಕೆಯನ್ನು ಯಾವ ಪ್ರೊಸೆಸರ್ ಕೂಡ ಕಡಿಮೆ ಮಾಡಲಾರದು.

ಕಲಬುರಗಿ ನಗರದ ಡಿಟಿಪಿ ಅಂಗಡಿಯ ಸಂಗತಿ ಬೇರೆ. ಅಲ್ಲಿ ನುಡಿ ಅಕ್ಷರಶೈಲಿಯಲ್ಲಿ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ ಜೋಡಿಸಲು ಪೇಜ್‌ಮೇಕರ್ ಸಾಕು. ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ, ಮನೆಬಳಕೆಯ ಗಣಕಗಳಿಗೆ ಬಹು ಕೋರ್‌ಗಳು ಕಾಲಿಡುವ ಮೊದಲು. ಇಂತಹ ಕೆಲಸಕ್ಕೆ ಹನ್ನೆರಡು ಕೋರ್‌ಗಳ ಪ್ರೊಸೆಸರ್ ಕೊಳ್ಳುವುದು ಹಣವನ್ನು ಹೊಳೆಗೆ ಸುರಿದಂತೆ. ಅದೇ ಅಂಗಡಿ ಮದುವೆಯ ವಿಡಿಯೊ ಸಂಕಲನಕ್ಕೆ ಇಳಿದರೆ ಲೆಕ್ಕ ತಿರುಗುತ್ತದೆ: ವಿಡಿಯೊವನ್ನು ಅಂತಿಮ ರೂಪಕ್ಕೆ ತರುವ ಕೆಲಸ ಹಲವು ಕೋರ್‌ಗಳಿಗೆ ಹಂಚಿಹೋಗುತ್ತದೆ.

ಆದರೂ ಎರಡು ಪಟ್ಟು ವೇಗದ ಪ್ರೊಸೆಸರ್ ಕೆಲಸವನ್ನು ಅರ್ಧ ಸಮಯದಲ್ಲಿ ಮುಗಿಸುತ್ತದೆ ಎಂದು ನಂಬಲಾಗದು. 1967ರಲ್ಲಿ ಜೀನ್ ಆಮ್ಡಾಲ್ ಮಂಡಿಸಿದ ತರ್ಕ ಇಲ್ಲಿ ಅನ್ವಯವಾಗುತ್ತದೆ. 40 ನಿಮಿಷದ ಕೆಲಸದಲ್ಲಿ 30 ನಿಮಿಷ ಪ್ರೊಸೆಸರ್‌ನದು, 10 ನಿಮಿಷ ಡಿಸ್ಕಿನದು ಎಂದಿಟ್ಟುಕೊಂಡರೆ, ಪ್ರೊಸೆಸರ್ ವೇಗ ಇಮ್ಮಡಿಯಾದಾಗ 15ಕ್ಕೆ 10 ಸೇರಿ 25 ನಿಮಿಷ ಬೇಕಾಗುತ್ತದೆ, 20 ಅಲ್ಲ.

ಸಾಕೆಟ್ ಮತ್ತು ಮದರ್‌ಬೋರ್ಡ್

ಲ್ಯಾಪ್‌ಟಾಪ್‌ಗಳಲ್ಲಿ ಇಂದು ಪ್ರೊಸೆಸರ್ ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತದೆ. ಅವುಗಳ ಮಟ್ಟಿಗೆ ಈ ಪ್ರಶ್ನೆ ಏಳುವುದಿಲ್ಲ. ಡೆಸ್ಕ್‌ಟಾಪ್‌ಗಳಲ್ಲಿ ಸಾಕೆಟ್, ಚಿಪ್‌ಸೆಟ್ ಮತ್ತು ಬಯೋಸ್ ಮೂರೂ ಹೊಂದಬೇಕು. ಸಾಕೆಟ್‌ನ ಹೆಸರು ಒಂದೇ ಆದರೆ ಸಾಲದು. ಇಂಟೆಲ್‌ನ 6 ಮತ್ತು 7ನೇ ತಲೆಮಾರಿನ ಪ್ರೊಸೆಸರ್‌ಗಳೂ 2017ರ ಅಕ್ಟೋಬರಿನಲ್ಲಿ ಬಂದ 8ನೇ ತಲೆಮಾರಿನವೂ ಎಲ್‌ಜಿಎ 1151 ಸಾಕೆಟ್‌ನವೇ. ಆದರೂ ಹಳೆಯ 100 ಮತ್ತು 200 ಸರಣಿಯ ಬೋರ್ಡುಗಳಿಗೆ 8ನೆಯದನ್ನು ಬಳಸುವ ಅಧಿಕೃತ ಅವಕಾಶವಿಲ್ಲ. ಎಎಮ್‌ಡಿ ಸಂಸ್ಥೆಯ ಎಎಮ್4 ಸಾಕೆಟ್ ಈ ವಿಷಯದಲ್ಲಿ ಹೆಚ್ಚು ಉದಾರವಾದುದು. 2017ರ ರೈಜನ್ ಜೊತೆ ಕೊಂಡ ಬೋರ್ಡುಗಳಲ್ಲಿ ಅನೇಕವು, ತಯಾರಕರು ಬಯೋಸ್ ನವೀಕರಣ ಒದಗಿಸಿದ್ದರೆ, ರೈಜನ್ 5000 ಸರಣಿಯನ್ನೂ ಸ್ವೀಕರಿಸುತ್ತವೆ. ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ನವೀಕರಿಸಿಕೊಳ್ಳಬೇಕು; ಆ ಕ್ರಿಯೆಯ ನಡುವೆ ವಿದ್ಯುತ್ ಹೋದರೆ ಬೋರ್ಡು ಕೆಡಬಹುದಾದ್ದರಿಂದ ಯುಪಿಎಸ್ ಅಗತ್ಯ. 2022ರ ಎಎಮ್5 ಸಾಕೆಟ್‌ಗೆ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ. ಹಳೆಯ ರ‍್ಯಾಮ್ ಅಲ್ಲಿ ಉಪಯೋಗಕ್ಕೆ ಬಾರದು.

ವಿಂಡೋಸ್ 10ರ ಮುಕ್ತಾಯ

ವೇಗದ ಕೊರತೆಯಿಲ್ಲದಿದ್ದರೂ ಬದಲಾವಣೆ ಅನಿವಾರ್ಯವೆನಿಸಿದ ಸಂದರ್ಭವಿದು. ಮೈಕ್ರೋಸಾಫ್ಟ್ 14 ಅಕ್ಟೋಬರ್ 2025ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಟಿಪಿಎಮ್ 2.0 ಭದ್ರತಾ ವ್ಯವಸ್ಥೆಯನ್ನು ಬೇಡುತ್ತದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಇಂಟೆಲ್ 8ನೇ ತಲೆಮಾರು ಅಥವಾ ರೈಜನ್ 2000 ಸರಣಿಗಿಂತ ಹಿಂದಿನ ಪ್ರೊಸೆಸರ್‌ಗಳು ಅದರ ಅಧಿಕೃತ ಪಟ್ಟಿಯಲ್ಲಿಲ್ಲ. ಹೀಗಾಗಿ 7ನೇ ತಲೆಮಾರಿನ ಇಂಟೆಲ್ ಯಂತ್ರವುಳ್ಳವರು ಬೋರ್ಡನ್ನೂ ಬದಲಿಸಬೇಕು, ಎಎಮ್4 ಬೋರ್ಡುಳ್ಳವರಿಗೆ ಪ್ರೊಸೆಸರ್ ಒಂದೇ ಸಾಕಾಗಬಹುದು.

ಲಿನಕ್ಸ್ ಮೂರನೆಯ ದಾರಿ. ಅದರಲ್ಲಿ ಯೂನಿಕೋಡ್ ಕನ್ನಡವನ್ನು ಕೆಜಿಪಿ ಕೀಲಿಮಣೆ ವಿನ್ಯಾಸದಲ್ಲಿಯೇ ಬೆರಳಚ್ಚಿಸಬಹುದು. ಪತ್ರವ್ಯವಹಾರ, ಓದು, ಅರ್ಜಿ ತುಂಬುವ ಕೆಲಸಕ್ಕೆ ಇದು ಖರ್ಚಿಲ್ಲದ ಪರಿಹಾರ. ಆದರೆ ಪೇಜ್‌ಮೇಕರ್ ಲಿನಕ್ಸ್‌ಗಾಗಿ ತಯಾರಾದುದಲ್ಲ. ವರ್ಷಗಟ್ಟಲೆ ಅದರಲ್ಲಿ ಕೂಡಿಟ್ಟ ಕಡತಗಳನ್ನು ದಿನವೂ ತೆರೆಯಬೇಕಾದ ಡಿಟಿಪಿ ಅಂಗಡಿಗೆ ಈ ದಾರಿ ಸುಗಮವಲ್ಲ.

ವೆಚ್ಚದ ಲೆಕ್ಕ

ಪ್ರೊಸೆಸರ್‌ನ ಬೆಲೆಯೇ ಒಟ್ಟು ವೆಚ್ಚವಲ್ಲ. ಬೋರ್ಡು, ರ‍್ಯಾಮ್, ಕೂಲರ್, ಜೋಡಣೆಯ ಕೂಲಿ, ಬೋರ್ಡು ಬದಲಾದಾಗ ಕೆಲವೊಮ್ಮೆ ಬೇಕಾಗುವ ವಿಂಡೋಸ್ ಪರವಾನಗಿ ಇವೆಲ್ಲ ಸೇರುತ್ತವೆ. ಕಲಬುರಗಿಯವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ. ಆದರೆ ಹೊಂದದ ಬಿಡಿಭಾಗವನ್ನು ಮರಳಿಸಲು ಮತ್ತೊಮ್ಮೆ ಹೋಗಿಬರಬೇಕಾದೀತು. ಊರಿನ ಅಂಗಡಿಯವರು ತುಸು ಹೆಚ್ಚು ಬೆಲೆ ಹೇಳಿದರೂ ವಾರಂಟಿಗೆ ಅವರೇ ಹೊಣೆಯಾಗುವುದಾದರೆ ಅದು ದುಬಾರಿಯಲ್ಲ.

ಒಟ್ಟು ವೆಚ್ಚ 20,000 ರೂಪಾಯಿ, ಉಳಿಯುವ ಸಮಯ ದಿನಕ್ಕೆ ಅರ್ಧ ಗಂಟೆ, ಗಂಟೆಯ ದುಡಿಮೆ 100 ರೂಪಾಯಿ ಎಂದು ಊಹಿಸೋಣ. ತಿಂಗಳಿಗೆ 25 ದಿನದಂತೆ 1,250 ರೂಪಾಯಿ ಉಳಿದು, ಹಾಕಿದ ಹಣ 16 ತಿಂಗಳಲ್ಲಿ ಮರಳುತ್ತದೆ. ಉಳಿದ ಅರ್ಧ ಗಂಟೆಗೆ ಹೊಸ ಕೆಲಸ ಸಿಗಬೇಕೆಂಬುದು ಇದರಲ್ಲಿ ಅಡಗಿರುವ ಷರತ್ತು. ಲಗ್ನದ ಹಂಗಾಮಿನಲ್ಲಿ ಅದು ಸಿಕ್ಕೀತು, ಆಷಾಢದಲ್ಲಿ ಸಿಗಲಾರದು.

ಬಿಸಿಲು ಮತ್ತು ಧೂಳು

ಕಲಬುರಗಿಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪ್ರೊಸೆಸರ್ 95ರಿಂದ 100 ಡಿಗ್ರಿಯ ಸುಮಾರಿಗೆ ತಲುಪಿದಾಗ ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಚೆನ್ನಾಗಿದ್ದ ಯಂತ್ರ ಏಪ್ರಿಲಿನಲ್ಲಿ ಮಂದವಾದರೆ ಮೊದಲು ಫ್ಯಾನಿನ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಸಿ ನೋಡಬೇಕು.

ಬಳಸಿದ ಪ್ರೊಸೆಸರ್‌ಗಳು

ಪ್ರೊಸೆಸರ್‌ನಲ್ಲಿ ಸವೆಯುವ ಚಲಿಸುವ ಭಾಗಗಳಿಲ್ಲ. ಆದ್ದರಿಂದ ಬಳಸಿದ್ದನ್ನು ಕೊಳ್ಳುವುದು ಹಾರ್ಡ್ ಡಿಸ್ಕಿನಷ್ಟು ಅಪಾಯಕರವಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹೆಚ್ಚು ವಿದ್ಯುತ್ ಬಳಸುವ ಡೆಸ್ಕ್‌ಟಾಪ್ ಮಾದರಿಗಳು ಇದಕ್ಕೆ ಅಪವಾದ. ಮಿತಿಮೀರಿದ ವೋಲ್ಟೇಜ್‌ನಿಂದ ಅವು ಅಸ್ಥಿರವಾಗುತ್ತಿರುವುದನ್ನು 2024ರಲ್ಲಿ ಸಂಸ್ಥೆಯೇ ಒಪ್ಪಿಕೊಂಡು, ಬಯೋಸ್ ಮೂಲಕ ತಿದ್ದುಪಡಿ ನೀಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಈ ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆಯೇ ಹೊರತು, ಈಗಾಗಲೇ ಆಗಿರುವ ಹಾನಿಯನ್ನು ಸರಿಪಡಿಸುವುದಿಲ್ಲ.